ನೆಲದೊಳಗಿನ ಉಗ್ರಾಣ

ಈರುಳ್ಳಿಯನ್ನು ಹೆಚ್ಚಿದರೆ ಗೃಹಿಣಿಯ ಕಣ್ಣಿನಲ್ಲಿ ನೀರು ಬರುವುದು. ಅದರ ಬೆಲೆ ಏರಿದರೆ ಆಳುವವರ ಕಣ್ಣಿನಲ್ಲಿಯೂ ಬರುವುದು. ೧೯೯೮ರ ದೆಹಲಿ ವಿಧಾನಸಭೆಯ ಚುನಾವಣೆಯಲ್ಲಿ ಈರುಳ್ಳಿಯ ಬೆಲೆಯೇ ದೊಡ್ಡ ಮಾತಾಗಿ, ಕೊನೆಗೆ ಸರ್ಕಾರವೇ ಬದಲಾದುದನ್ನು ಇಲ್ಲಿಯ ಹಿರಿಯ ಕನ್ನಡಿಗರು ಇನ್ನೂ ಮರೆತಿಲ್ಲ. ತರಕಾರಿಯ ಸ್ವಭಾವವೇ ಅಂಥದು. ಬಂದಾಗ ಹೊಳೆಯಂತೆ ಬರುತ್ತದೆ. ಹೋದಾಗ ಹುಡುಕಿದರೂ ಸಿಗುವುದಿಲ್ಲ. ಮಾಘ ಮಾಸದ ಚಳಿಯಲ್ಲಿ ದೆಹಲಿಯ ಬೀದಿಗಳಲ್ಲಿ ಕೆಂಪು ಗಜ್ಜರಿ, ಬಿಳಿ ಮೂಲಂಗಿ, ನೇರಳೆ ಮೈಯ ಶಲ್ಗಮ್ ಗಡ್ಡೆಗಳು ತಳ್ಳುಗಾಡಿಗಳಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತವೆ. ವೈಶಾಖ ಕಾಲಿಡುವ ಹೊತ್ತಿಗೆ ಆ ಸೊಬಗೂ ಇಲ್ಲ, ಆ ಅಗ್ಗವೂ ಇಲ್ಲ. ಬೆಳೆದವನು ಸುಗ್ಗಿಯಲ್ಲಿ ಕೈಗೆ ಬಂದಷ್ಟಕ್ಕೆ ಮಾರುತ್ತಾನೆ. ಸಂಸಾರವಂದಿಗನು ಬೇಸಗೆಯಲ್ಲಿ ಕೇಳಿದಷ್ಟು ಕೊಡುತ್ತಾನೆ. ಇವರಿಬ್ಬರ ಕಷ್ಟಕ್ಕೂ ಬಹುಮಟ್ಟಿಗೆ ಕಾರಣ ಒಂದೇ: ಕೆಡದಂತೆ ಇಡಲು ತಕ್ಕ ಜಾಗವಿಲ್ಲ.

ಮನೆಮನೆಗೂ ರೆಫ್ರಿಜರೇಟರ್ ಇರುವಾಗ ಈ ಚಿಂತೆ ಏತಕ್ಕೆ ಎಂದು ಕೆಲವರು ಕೇಳಬಹುದು. ರೆಫ್ರಿಜರೇಟರು ಒಂದು ವಾರದ ಕಾಯಿಪಲ್ಯಕ್ಕೆ ಸಾಕು. ಒಂದು ಮಣ ಬಟಾಟಿಯನ್ನು ಅದರಲ್ಲಿ ಯಾರೂ ಇಡಲಾರರು. ಇಟ್ಟರೂ ಪ್ರಯೋಜನವಿಲ್ಲ. ಬಹಳ ತಣ್ಣಗೆ ಇಟ್ಟ ಆಲೂಗಡ್ಡೆಯೊಳಗಿನ ಪಿಷ್ಟವು ಸಕ್ಕರೆಯಾಗುತ್ತ ಹೋಗಿ, ಪಲ್ಯ ಸಿಹಿಯಾಗುತ್ತದೆ, ಕರಿದ ಹೋಳು ಕಪ್ಪಾಗುತ್ತದೆ. ಆದುದರಿಂದ ವಿದ್ಯುತ್ತಿನ ಖರ್ಚಿಲ್ಲದೆ ತಿಂಗಳುಗಟ್ಟಲೆ ತರಕಾರಿಯನ್ನು ಕಾಯುವ ಹಳೆಯ ಉಪಾಯವೊಂದರ ಕಡೆಗೆ ಅನೇಕರ ಮನಸ್ಸು ಈಚೆಗೆ ಹರಿದಿದೆ. ಅದೇ ನೆಲದೊಳಗಿನ ಉಗ್ರಾಣ.

ನಮ್ಮ ಸಂಘದ ಮಿತ್ರರಲ್ಲಿ ಕೆಲವರು ಮಕ್ಕಳನ್ನು ಕಾಣಲು ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ, ಅಲ್ಲಿಯ ಹಳೆಯ ಒಕ್ಕಲು ಮನೆಗಳ ಹಿಂದೆ ದಿಬ್ಬದೊಳಗೆ ಬಾಗಿಲಿಟ್ಟ ಇಂಥ ಕೋಣೆಗಳನ್ನು ಕಂಡು ಬಂದಿದ್ದಾರೆ. ಶಿಶಿರದ ಹಿಮದ ನಡುವೆ, ಆರು ತಿಂಗಳ ಹಿಂದೆ ಕಿತ್ತ ಗಜ್ಜರಿಯು ಮುರಿದರೆ ಟಪ್ಪೆನ್ನುವಷ್ಟು ಗಟ್ಟಿಯಾಗಿರುವುದನ್ನು ನೋಡಿ ಬೆರಗಾಗಿದ್ದಾರೆ. ನಿವೃತ್ತಿ ಹತ್ತಿರ ಬಂದು ಊರ ಕಡೆ ಮನೆ ಕಟ್ಟಿಸುತ್ತಿರುವ ಒಬ್ಬಿಬ್ಬರು, "ಹಿತ್ತಿಲಲ್ಲಿ ನಾವೂ ಒಂದು ತೋಡಿಸಿದರೆ ಹೇಗೆ?" ಎಂದು ಕೇಳುತ್ತಿದ್ದಾರೆ. ಅವರಿಗೆ ನಾವು ಹೇಳತಕ್ಕ ಮಾತು ಇದೊಂದೇ: ತೋಡುವ ಮುನ್ನ ನೆಲವನ್ನು ಕೇಳಿರಿ. ನೆಲವು ತರಕಾರಿಯನ್ನು ತಾನಾಗಿ ಕಾಯುವುದಿಲ್ಲ. ತನ್ನಲ್ಲಿರುವ ತಂಪನ್ನು ಕಡ ಕೊಡುತ್ತದೆ, ಅಷ್ಟೇ. ಇಲ್ಲದ ತಂಪನ್ನು ಯಾವ ನೆಲವೂ ಕೊಡಲಾರದು.

ನೆಲದ ಮೈಯ ಬಿಸಿ

ಬಿಸಿಲಿನ ದಿನ ಅಂಗಳದ ಮಣ್ಣು ಕಾಲು ಸುಡುತ್ತದೆ. ಒಂದು ಮೊಳ ಅಗೆದು ಕೈಯಿಟ್ಟರೆ ತಣ್ಣಗಿರುತ್ತದೆ. ಹಗಲಿನ ಸೆಕೆ, ಇರುಳಿನ ಚಳಿ ಇವೆರಡರ ಏರಿಳಿತವು ಒಂದು ಮೀಟರು ಆಳದೊಳಗೆ ಹೆಚ್ಚು ಕಡಿಮೆ ಅಡಗಿಹೋಗುತ್ತದೆ. ಇನ್ನೂ ಕೆಳಕ್ಕೆ ಹೋದಂತೆ ಋತುಗಳ ಏರಿಳಿತವೂ ಕುಗ್ಗುತ್ತದೆ. ಎರಡು ಮೂರು ಮೀಟರು ಆಳದಲ್ಲಿ ಬೇಸಗೆಯ ಬಿಸಿಯು ಎರಡು ಮೂರು ತಿಂಗಳು ತಡವಾಗಿ, ಬಲಗುಂದಿ ತಲುಪುವುದು. ಚಳಿಗಾಲದ ಚಳಿಯೂ ಹಾಗೆಯೇ. ಸುಮಾರು ಹತ್ತು ಮೀಟರಿನ ಕೆಳಗೆ ವರ್ಷವಿಡೀ ಒಂದೇ ಉಷ್ಣತೆ. ಆ ಉಷ್ಣತೆ ಯಾವುದು? ಆ ಊರಿನ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆ ಎಷ್ಟೋ, ನೆಲದ್ದೂ ಸುಮಾರಾಗಿ ಅಷ್ಟೇ.

ಈಗ ನಮ್ಮ ನಮ್ಮ ಊರುಗಳನ್ನು ನೋಡೋಣ. ಬೆಂಗಳೂರಿನ ವಾರ್ಷಿಕ ಸರಾಸರಿಯು ಸುಮಾರು ೨೪ ಡಿಗ್ರಿ ಸೆಲ್ಸಿಯಸ್. ದೆಹಲಿ ೨೫, ಮುಂಬಯಿ ೨೭, ಚೆನ್ನೈ ೨೮ಕ್ಕೂ ತುಸು ಮೇಲೆ. ಶಿಮ್ಲಾ ೧೪ರೊಳಗೆ. ಹಿಮಾಲಯದ ಆಚೆಯ ಲೇಹ್ ಪಟ್ಟಣದ್ದು ಹತ್ತಕ್ಕೂ ಬಹಳ ಕೆಳಗೆ. ಇತ್ತ ಗಜ್ಜರಿ, ಮೂಲಂಗಿ, ಬೀಟ್‌ರೂಟುಗಳು ನಾಲ್ಕೈದು ತಿಂಗಳು ಬಾಳಬೇಕಾದರೆ ಸೊನ್ನೆಯಿಂದ ಎರಡು ಮೂರು ಡಿಗ್ರಿಯ ತಂಪು ಬೇಕು. ಅಡುಗೆಯ ಆಲೂಗಡ್ಡೆಗೆ ೭ರಿಂದ ೧೦ ಡಿಗ್ರಿ. ಈ ಎರಡು ಸಾಲು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ವಿಷಯ ತಾನಾಗಿಯೇ ಸ್ಪಷ್ಟವಾಗುವುದು. ಚೆನ್ನೈಯಲ್ಲಿ ಮೂರಾಳು ಆಳದ ನೆಲಮಾಳಿಗೆಯನ್ನು ಕಟ್ಟಿಸಿ ಗಜ್ಜರಿಯನ್ನಿಟ್ಟರೆ ಅದು ೨೮ ಡಿಗ್ರಿಯ ಬೆಚ್ಚನೆಯ ಕೋಣೆಯಲ್ಲಿ ಸುಖವಾಗಿ ಕೊಳೆಯುವುದು. ಹಣ ಹೋಯಿತು, ಗಜ್ಜರಿಯೂ ಹೋಯಿತು.

ಕಿತ್ತ ಮೇಲೆಯೂ ಗಡ್ಡೆ ಸತ್ತಿರುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಸುಟ್ಟುಕೊಂಡು, ನೀರನ್ನೂ ಬಿಸಿಯನ್ನೂ ಹೊರಗೆ ಬಿಡುತ್ತದೆ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಈ ಉಸಿರಾಟವು ಎರಡು ಮೂರು ಪಟ್ಟು ಹೆಚ್ಚುವುದು. ತಂಪಿನಲ್ಲಿಡುವುದೆಂದರೆ ಅದರ ಉಸಿರನ್ನು ನಿಧಾನ ಮಾಡುವುದು ಎಂದರ್ಥ. ಜೊತೆಗೆ ಗಾಳಿಯಲ್ಲಿ ತೇವವೂ ಇರಬೇಕು; ಇಲ್ಲವಾದರೆ ಅಜ್ಜಿಯ ಕೆನ್ನೆಯಂತೆ ಗಡ್ಡೆ ಸುಕ್ಕುಗಟ್ಟುವುದು. ತಂಪು, ತೇವ, ಕತ್ತಲೆ, ಗಾಳಿ: ಈ ನಾಲ್ಕನ್ನು ಒಂದೆಡೆ ಕೂಡಿಸುವುದೇ ನೆಲದೊಳಗಿನ ಉಗ್ರಾಣದ ಕೆಲಸ.

ಲಾಹೌಲಿನ ಗುಂಡಿ

ನಮ್ಮ ದೇಶದಲ್ಲಿ ಈ ಉಪಾಯವು ನಿಜವಾಗಿ ಸಲ್ಲುವ ಸೀಮೆ ಹಿಮಾಲಯದ ಎತ್ತರದ ಕಣಿವೆಗಳು. ಕಾಶ್ಮೀರದ ಹಳ್ಳಿಗರು ಮೂಲಂಗಿ, ಶಲ್ಗಮ್, ಎಲೆಕೋಸುಗಳನ್ನು ಹಿತ್ತಿಲ ಗುಂಡಿಯಲ್ಲಿ ಹೂಳುವರು. ಲಡಾಖಿನಲ್ಲಿಯೂ ಇದೇ ಪದ್ಧತಿ. ನಮಗೆ ಹೆಚ್ಚು ತಿಳಿದಿರುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕಥೆ. ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಮಿತ್ರರೊಬ್ಬರು ಆ ಕಡೆಯವರು.

ಲಾಹೌಲಿನ ಮುಖ್ಯ ಸ್ಥಳವಾದ ಕೇಲಾಂಗ್ ೩೦೦೦ ಮೀಟರಿಗೂ ಎತ್ತರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಗೆ ಬಂದು ನೆಲಸಿದ ಮೊರೇವಿಯನ್ ಪಾದ್ರಿಗಳು ಆಲೂಗಡ್ಡೆಯನ್ನು ತಂದರೆಂದು ಹೇಳುವರು. ತಂಪು ಹವೆಯಲ್ಲಿ ಗಿಡಕ್ಕೆ ರೋಗ ತರುವ ಹೇನುಗಳ ಕಾಟ ಕಡಿಮೆ. ಆದುದರಿಂದ ಲಾಹೌಲಿನ ಬಿತ್ತನೆಯ ಆಲೂಗಡ್ಡೆಗೆ ಬಯಲುಸೀಮೆಯಲ್ಲಿ ಒಳ್ಳೆಯ ಹೆಸರು ಬಂದಿತು. ಆದರೆ ಬೆಳೆದ ಮಾತ್ರಕ್ಕೆ ಬದುಕು ಸಾಗುತ್ತಿರಲಿಲ್ಲ. ಹಿಮ ಬಿದ್ದು ರೋಹ್ತಾಂಗ್ ಕಣಿವೆದಾರಿ ಮುಚ್ಚಿತೆಂದರೆ ವರ್ಷಕ್ಕೆ ಸುಮಾರು ಆರು ತಿಂಗಳು ಲಾಹೌಲಿಗೂ ಹೊರಜಗತ್ತಿಗೂ ರಸ್ತೆಯೇ ಇರುತ್ತಿರಲಿಲ್ಲ. ಕಾರ್ತಿಕದಲ್ಲಿ ಗುಂಡಿಗೆ ಇಳಿಸಿದ್ದೇ ಚೈತ್ರದವರೆಗೆ ಊಟ. ಗುಂಡಿಯಲ್ಲಿ ಉಳಿದದ್ದೇ ಬರುವ ವರ್ಷದ ಬಿತ್ತನೆ. ಇಟ್ಟದ್ದು ಕೊಳೆತರೆ ಅಂಗಡಿಗೆ ಹೋಗಿ ತರುವ ಮಾತೇ ಇಲ್ಲ. ಹೀಗಾಗಿ ಗುಂಡಿ ತೋಡುವುದು ಅವರಿಗೆ ಹವ್ಯಾಸವಾಗಿರದೆ, ಮನೆ ಕಟ್ಟುವಷ್ಟೇ ಗಂಭೀರವಾದ ಕೆಲಸವಾಗಿತ್ತು.

೨೦೨೦ರ ಅಕ್ಟೋಬರ್ ೩ರಂದು ೯ ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆದ ಮೇಲೆ ಚಳಿಗಾಲದಲ್ಲಿಯೂ ಮನಾಲಿಯಿಂದ ವಾಹನಗಳು ಹೋಗಿಬರುವಂತಾಯಿತು. ಇನ್ನು ಗುಂಡಿಯ ಕಾಲ ಮುಗಿಯಿತೇ ಎಂದು ನಾವು ಮಿತ್ರರನ್ನು ಕೇಳಿದೆವು. ಅವರು ನಕ್ಕು, ಹಿಮ ಜರಿದು ರಸ್ತೆ ಕಟ್ಟಿದ ದಿನ ಸುರಂಗದ ಬಾಯಿ ತೆರೆದಿದ್ದರೂ ಫಲವಿಲ್ಲವೆಂದೂ, ತಮ್ಮ ತಾಯಿ ಈಗಲೂ ಪ್ರತಿ ವರ್ಷ ಗುಂಡಿಯನ್ನು ತುಂಬಿಸುವರೆಂದೂ ಹೇಳಿದರು. ಅಂಗಡಿಯ ಸಾಮಾನಿಗೆ ದುಡ್ಡು ಕೊಡಬೇಕು. ಗುಂಡಿಯದಕ್ಕೆ ಕೊಡಬೇಕಾಗಿಲ್ಲ ಎಂಬುದು ಆ ತಾಯಿಯ ತರ್ಕ. ಹಿಮದ ವಿಷಯವಾಗಿ ಅವರು ಹೇಳಿದ ಮಾತೊಂದು ನಮಗೆ ಹೊಸದಾಗಿತ್ತು. ಗುಂಡಿಯ ಮೇಲೆ ಹಿಮ ದಪ್ಪನಾಗಿ ಬಿದ್ದಷ್ಟೂ ಒಳ್ಳೆಯದಂತೆ. ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಕಂಬಳಿಯಂತೆ ನೆಲವನ್ನು ಹೊದಿಸಿ, ಕೆಳಗಿನ ಗಡ್ಡೆ ಹೆಪ್ಪುಗಟ್ಟದಂತೆ ತಡೆಯುವುದು. ಚಳಿಯನ್ನು ತಡೆಯಲು ಚಳಿಯನ್ನೇ ಹೊದೆಯುವುದು ಹಿಮಾಲಯದವರಿಗೇ ಹೊಳೆಯತಕ್ಕ ಯುಕ್ತಿ!

ಕಟ್ಟುವ ಕ್ರಮ

ಚಳಿಯ ಸೀಮೆಯಲ್ಲಿ ಜಾಗವುಳ್ಳವರಿಗೆ, ಅಂಥ ದೇಶಗಳಲ್ಲಿ ನೆಲಸಿರುವ ನಮ್ಮ ಮಕ್ಕಳಿಗೆ ಉಪಯೋಗವಾಗಲೆಂದು ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು.

ಮೊದಲು ಸ್ಥಳ. ಮಳೆಯ ನೀರು ನಿಲ್ಲದ ಎತ್ತರದ ಜಾಗ ಬೇಕು. ಮಳೆಗಾಲದ ಕೊನೆಯಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರುವುದೆಂಬುದನ್ನು ನೋಡಿ, ಉಗ್ರಾಣದ ತಳವು ಅದಕ್ಕಿಂತ ಮೇಲಿರುವಂತೆ ಗೊತ್ತು ಮಾಡಬೇಕು. ದೊಡ್ಡ ಮರದ ಬೇರು, ಪಾಯಿಖಾನೆಯ ಗುಂಡಿ ಇವೆರಡರಿಂದಲೂ ದೂರವಿರಲಿ. ಇಳಿಜಾರು ಸಿಕ್ಕರೆ ಪುಣ್ಯ. ದಿಬ್ಬದೊಳಕ್ಕೆ ಅಡ್ಡಲಾಗಿ ಕೊರೆದರೆ ಮೆಟ್ಟಿಲು ಬೇಕಾಗಿಲ್ಲ, ನೀರೂ ತಾನೇ ಹೊರಗೆ ಹರಿಯುತ್ತದೆ. ಬಾಗಿಲು ಉತ್ತರಕ್ಕಿರಬೇಕು, ಬಿಸಿಲು ನೇರವಾಗಿ ಬೀಳಬಾರದು.

ಇನ್ನು ಅಳತೆ. ಆಲೂಗಡ್ಡೆಯನ್ನು ರಾಶಿ ಹಾಕಿದರೆ ಒಂದು ಘನ ಮೀಟರಿಗೆ ಸುಮಾರು ೬೫೦ ಕಿಲೋ ಹಿಡಿಯುವುದು. ಐದಾರು ಮಂದಿಯ ಸಂಸಾರಕ್ಕೆ ೩೦೦ ಕಿಲೋ ಗಡ್ಡೆಗೆಣಸು ಧಾರಾಳವಾಯಿತು. ಆದುದರಿಂದ ಒಳಗೆ ಎರಡು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಆಳು ನಿಲ್ಲುವಷ್ಟು ಎತ್ತರದ ಕೋಣೆ ಸಾಕು. ದೊಡ್ಡದು ಕಟ್ಟಿ ಅರ್ಧ ತುಂಬುವುದಕ್ಕಿಂತ ಚಿಕ್ಕದು ಕಟ್ಟಿ ಪೂರ್ತಿ ತುಂಬುವುದು ಲೇಸು.

ಅಗೆಯುವಾಗ ಅವಸರ ಬೇಡ. ಒಂದು ಘನ ಮೀಟರು ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯೆತ್ತರದ ಗುಂಡಿಯ ಗೋಡೆ ಕುಸಿದರೂ ಒಳಗಿರುವವನು ಏಳಲಾರನು. ಎದೆಯ ಮಟ್ಟವನ್ನು ದಾಟಿದ ಮೇಲೆ ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೆ ಹಲಗೆ ಮತ್ತು ಅಡ್ಡಗಂಬಗಳ ಆಸರೆ ಕೊಡಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದು ಮೀಟರು ದೂರಕ್ಕೆ ಹಾಕಬೇಕು. ಒಬ್ಬಂಟಿಯಾಗಿ ಎಂದೂ ಅಗೆಯಬಾರದು.

ಗೋಡೆಗೆ ಕಲ್ಲು ಅಥವಾ ಇಟ್ಟಿಗೆ. ನೆಲಕ್ಕೆ ಸಿಮೆಂಟು ಹಾಕುವ ಆಸೆಯನ್ನು ಬಿಡಬೇಕು. ಬರಿಯ ಮಣ್ಣಿನ ಮೇಲೆ ಒಂದು ಗೇಣು ಜಲ್ಲಿ ಹರಡಿದರೆ ನೆಲದ ತೇವವು ಮೇಲಕ್ಕೆ ಬಂದು ಗಾಳಿಯನ್ನು ಒದ್ದೆಯಾಗಿಡುವುದು. ಮಾಡಿಗೆ ಗಟ್ಟಿಯಾದ ತೊಲೆ, ಹಲಗೆ, ಅದರ ಮೇಲೆ ನೀರು ಇಳಿಯದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ೬೦ ಸೆಂಟಿಮೀಟರು ಮಣ್ಣು. ಇಷ್ಟು ಚಿಕ್ಕ ಕೋಣೆಯ ಮೇಲೂ ಆ ಮಣ್ಣಿನ ಭಾರವು, ನೆನೆದಾಗ, ಮೂರು ಟನ್ನನ್ನು ಮುಟ್ಟುವುದು. ತೊಲೆಯ ದಪ್ಪವನ್ನು ಕಣ್ಣಳತೆಯಿಂದ ನಿಶ್ಚಯಿಸದೆ ಬಲ್ಲ ಗೌಂಡಿಯನ್ನೋ ಇಂಜಿನಿಯರನ್ನೋ ಕೇಳುವುದು ಜಾಣತನ. ಮೇಲೆ ಹುಲ್ಲು ಬೆಳೆಸಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಒಳಗೆ ಮರದ ಪಟ್ಟಿಗಳ ಅಟ್ಟಣಿಗೆಗಳನ್ನು ಗೋಡೆಗೆ ತಾಗದಂತೆ, ನಾಲ್ಕು ಬೆರಳು ಬಿಟ್ಟು ನಿಲ್ಲಿಸಬೇಕು.

ಗಾಳಿಕೊಳವೆ ಎರಡು ಬೇಕು. ನಾಲ್ಕಂಗುಲದ ಒಂದು ಕೊಳವೆಯು ಹೊರಗಿನಿಂದ ಇಳಿದು ನೆಲಕ್ಕೆ ಒಂದು ಗೇಣು ಮೇಲೆ ಬಾಯಿಬಿಡಲಿ. ಇನ್ನೊಂದು ಎದುರು ಮೂಲೆಯಲ್ಲಿ ಮಾಡಿನ ಕೆಳಗಿನಿಂದ ಹೊರಟು ಹೊರಗೆ ಎತ್ತರಕ್ಕೆ ಹೋಗಲಿ. ತಂಪು ಗಾಳಿ ಭಾರ, ಕೆಳಗೆ ಇಳಿಯುತ್ತದೆ. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಯಂತ್ರವಿಲ್ಲದೆ ಗಾಳಿಯಾಡುವ ಉಪಾಯ ಇದೇ. ಎರಡರ ಬಾಯಿಗೂ ಇಲಿ ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟಬೇಕು, ಮುಚ್ಚಳವೂ ಇರಬೇಕು. ಶರತ್ಕಾಲದಲ್ಲಿ ಇರುಳು ತೆರೆದು, ಹಗಲು ಮುಚ್ಚಿದರೆ ರಾತ್ರಿಯ ತಂಪೆಲ್ಲ ಒಳಗೆ ಸಂಗ್ರಹವಾಗುವುದು. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಾದಾಗ ಮುಚ್ಚಳಗಳನ್ನು ಬಹುಮಟ್ಟಿಗೆ ಮುಚ್ಚಬೇಕು.

ಯಾವುದು ಎಲ್ಲಿ?

ಉಗ್ರಾಣವು ಆಸ್ಪತ್ರೆಯಲ್ಲ; ಗಾಯಗೊಂಡ ಗಡ್ಡೆ ಅಲ್ಲಿ ವಾಸಿಯಾಗುವುದಿಲ್ಲ. ಗುದ್ದಲಿ ತಾಗಿದ್ದು, ಹುಳ ಕೊರೆದದ್ದು ಮೊದಲೇ ಅಡುಗೆಮನೆಗೆ ಹೋಗಲಿ. ಇಡತಕ್ಕದ್ದನ್ನು ತೊಳೆಯಬಾರದು, ಮಣ್ಣನ್ನು ಕೊಡವಿದರೆ ಸಾಕು. ಗಜ್ಜರಿ, ಮೂಲಂಗಿ, ಬೀಟ್‌ರೂಟುಗಳ ಸೊಪ್ಪನ್ನು ಒಂದಂಗುಲ ಬಿಟ್ಟು ಕತ್ತರಿಸಿ, ಪೆಟ್ಟಿಗೆಯಲ್ಲಿ ಒಂದು ಪದರ ಹಸಿ ಮರಳು, ಒಂದು ಪದರ ಗಡ್ಡೆಯಂತೆ ಜೋಡಿಸಬೇಕು. ಇವು ಕೋಣೆಯ ಅತ್ಯಂತ ತಂಪಾದ ನೆಲದ ಮೇಲಿರಲಿ. ಆಲೂಗಡ್ಡೆಯನ್ನು ಕಿತ್ತ ಮೇಲೆ ಹತ್ತು ಹದಿನೈದು ದಿನ ಕತ್ತಲೆಯಲ್ಲಿ ಹರಡಿದರೆ ಸಿಪ್ಪೆ ಬಲಿಯುವುದು. ಆಮೇಲೆ ನಡುವಣ ಅಟ್ಟಣಿಗೆಗೆ ಸೇರಿಸಬೇಕು. ಬೆಳಕು ಬಿದ್ದು ಹಸಿರಾದ ಆಲೂಗಡ್ಡೆಯಲ್ಲಿ ವಿಷದ ಅಂಶ ಹೆಚ್ಚುವುದರಿಂದ ಅದನ್ನು ತಿನ್ನಬಾರದು.

ಸೇಬನ್ನು ಗಜ್ಜರಿಯ ಹತ್ತಿರ ಇಡಬಾರದು. ಸೇಬು ಬಿಡುವ ಎಥಿಲೀನ್ ಎಂಬ ಅನಿಲದಿಂದ ಗಜ್ಜರಿ ಕಹಿಯಾಗುವುದು. ಈರುಳ್ಳಿಗೂ ಬೆಳ್ಳುಳ್ಳಿಗೂ ಈ ಕೋಣೆಯ ತೇವ ಆಗದು. ಅವು ಗಾಳಿಯಾಡುವ ಒಣ ಜಾಗದಲ್ಲಿ ಜಾಲರಿಯ ಮೇಲಿರಬೇಕು. ಕುಂಬಳಕಾಯಿಗೂ ಒಣಹವೆಯೇ ಇಷ್ಟ. ಗೆಣಸು ಮತ್ತು ಶುಂಠಿಗಳು ಸೆಕೆಯ ಸೀಮೆಯ ಮಕ್ಕಳು. ೧೨ ಡಿಗ್ರಿಗಿಂತ ಕೆಳಗೆ ಅವುಗಳಿಗೆ ಚಳಿ ತಾಗುವುದು. ವಾರಕ್ಕೊಮ್ಮೆ ಎಲ್ಲವನ್ನೂ ನೋಡಿ, ಕೊಳೆಯತೊಡಗಿದ್ದನ್ನು ತೆಗೆದುಹಾಕಬೇಕು. ಒಂದು ಕೊಳೆತರೆ ನೆರೆಯ ಹತ್ತನ್ನು ಕರೆದುಕೊಂಡು ಹೋಗುತ್ತದೆ.

ಹಗೇವಿನ ಪಾಠ

ನೆಲದೊಳಗೆ ಇಡುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಧಾರವಾಡ, ವಿಜಾಪುರದ ಕಡೆಯವರು ಹಗೇವನ್ನು ಬಲ್ಲರು. ಪುಣೆಯ ನೆರೆಹೊರೆಯವರು ಅದನ್ನೇ ಪೇವ ಎನ್ನುವರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಮುಗಿಯಿತು. ಜೋಳವು ಚೆನ್ನಾಗಿ ಒಣಗಿದ ಕಾಳು; ಅದರಲ್ಲಿ ನೀರಿನ ಅಂಶ ನೂರಕ್ಕೆ ಹತ್ತು ಹನ್ನೆರಡು ಮಾತ್ರ. ಮುಚ್ಚಿದ ಹಗೇವಿನೊಳಗೆ ಕಾಳೂ ಹುಳುಗಳೂ ಇದ್ದ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ತರಕಾರಿಯದು ಇದಕ್ಕೆ ತೀರ ವಿರುದ್ಧ. ಆಲೂಗಡ್ಡೆಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು, ಗಜ್ಜರಿಯಲ್ಲಿ ಇನ್ನೂ ಹೆಚ್ಚು. ಹಗೇವಿನಂತೆ ಬಾಯಿ ಮುಚ್ಚಿದರೆ ಉಸಿರುಕಟ್ಟಿ ಕೊಳೆತುಹೋಗುವುದು. ಜೋಳದ ಹಗೇವನ್ನು ಕಂಡವರು ಅದೇ ರೀತಿ ಬಟಾಟಿಯನ್ನು ಹೂಳಬಾರದು. ಕಾಳಿಗೆ ಮುಚ್ಚಿದ ಬಾಯಿ, ಗಡ್ಡೆಗೆ ತೆರೆದ ಮೂಗು ಎಂದು ನೆನಪಿಟ್ಟರೆ ಸಾಕು.

ಹಗೇವಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಇದನ್ನು ಮನೆಯ ಮಕ್ಕಳಿಗೂ ತಿಳಿಸಬೇಕು. "ಬಾಯಿ ತಗದ ಕೂಡ್ಲೆ ಇಳೀಬ್ಯಾಡೋ ತಮ್ಮಾ, ಗಾಳಿ ಆಡ್ಲಿ" ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನು. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಭಾರವಾದುದು, ಬಣ್ಣವಿಲ್ಲ, ವಾಸನೆಯಿಲ್ಲ. ಗುಂಡಿಯ ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಇಳಿದವನು ಕೂಗುವ ಮೊದಲೇ ಎಚ್ಚರ ತಪ್ಪುವನು. ಅವನನ್ನು ಎತ್ತಲೆಂದು ಮಗನೋ ತಮ್ಮನೋ ಹಿಂದೆಯೇ ಇಳಿದು, ಒಂದೇ ಮನೆಯಲ್ಲಿ ಇಬ್ಬರು ಮೂವರು ಹೋದ ದುಃಖದ ಪ್ರಸಂಗಗಳು ನಮ್ಮ ಹಳ್ಳಿಗಳಲ್ಲಿ ನಡೆದಿವೆ. ದೀಪ ಆರಿದರೆ ಇಳಿಯಬಾರದೆಂಬುದು ಖಂಡಿತ. ಆದರೆ ದೀಪ ಉರಿಯುತ್ತಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬಲಾಗದು. ಮೇಲೆ ಒಬ್ಬರು ನಿಂತಿರಬೇಕು; ಇಳಿಯುವವನ ಸೊಂಟಕ್ಕೆ ಹಗ್ಗವಿರಬೇಕು; ಒಳಗೆ ಬಿದ್ದವನನ್ನು ಹಗ್ಗದಿಂದ ಮೇಲೆಳೆಯಬೇಕೇ ಹೊರತು ಹಿಂದೆ ಹಾರಬಾರದು. ಎರಡು ಗಾಳಿಕೊಳವೆಯುಳ್ಳ ತರಕಾರಿ ಕೋಣೆಯಲ್ಲಿ ಈ ಭಯ ಕಡಿಮೆ. ಆದರೂ ತಿಂಗಳುಗಟ್ಟಲೆ ಮುಚ್ಚಿದ ಕೋಣೆಯ ಬಾಗಿಲನ್ನು ತೆರೆದು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗುವ ಅಭ್ಯಾಸವು ಒಳ್ಳೆಯದು. ಕೊಳವೆಗಳನ್ನು ಎಂದೂ ಪೂರ್ತಿ ಬಿಗಿಯಬಾರದು.

ಬಯಲಿನವರ ಉಪಾಯ

ಹಾಗಾದರೆ ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿರುವ ನಮಗೆ ಏನೂ ಇಲ್ಲವೇ? ಉಂಟು. ನೆಲ ಕೊಡದ ತಂಪನ್ನು ನೀರಿನಿಂದ ಪಡೆಯಬಹುದು. ಮಡಕೆಯ ನೀರು ತಣ್ಣಗಾಗುವ ಯುಕ್ತಿಯೇ ಇದು. ೧೯೩೪ರ ಬಿಹಾರದ ಭೂಕಂಪದ ಬಳಿಕ, ೧೯೩೬ರಲ್ಲಿ ಪೂಸಾ ಎಂಬ ಊರಿನಿಂದ ದೆಹಲಿಗೆ ಬಂದು ಈಗಲೂ ಅದೇ ಹೆಸರಿನಿಂದ ಕರೆಯಿಸಿಕೊಳ್ಳುವ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ೧೯೮೦ರ ದಶಕದಲ್ಲಿ ಇಂಥದೊಂದು ತಂಪುಗೂಡನ್ನು ರೂಪಿಸಿದರು. ಅದಕ್ಕೆ ವಿದ್ಯುತ್ತು ಬೇಡ.

ನೆರಳಿನಲ್ಲಿ ೧೬೫ ಸೆಂಟಿಮೀಟರು ಉದ್ದ, ೧೧೫ ಸೆಂಟಿಮೀಟರು ಅಗಲಕ್ಕೆ ಇಟ್ಟಿಗೆಯನ್ನು ಹಾಸಿ, ಅದರ ಮೇಲೆ ಸುತ್ತಲೂ ಎರಡು ಗೋಡೆಗಳನ್ನು ೬೭.೫ ಸೆಂಟಿಮೀಟರು ಎತ್ತರಕ್ಕೆ ಏರಿಸಬೇಕು. ಎರಡು ಗೋಡೆಗಳ ನಡುವೆ ೭.೫ ಸೆಂಟಿಮೀಟರು ಸಂದು ಬಿಟ್ಟು, ಅದರಲ್ಲಿ ನೀರಿನಿಂದ ನೆನೆಸಿದ ಹೊಳೆಯ ಮರಳನ್ನು ತುಂಬಬೇಕು. ಬಿದಿರಿನ ಚೌಕಟ್ಟಿಗೆ ಹುಲ್ಲನ್ನೋ ಲಾವಂಚವನ್ನೋ ಕಟ್ಟಿ ಮುಚ್ಚಳ ಮಾಡಬೇಕು. ದಿನಕ್ಕೆ ಎರಡು ಸಲ ಮರಳನ್ನೂ ಇಟ್ಟಿಗೆಯನ್ನೂ ನೆನೆಸಿದರೆ, ಆರುವ ನೀರು ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಒಣ ಬೇಸಗೆಯಲ್ಲಿ ಹೊರಗಿನ ಉರಿಗಿಂತ ಒಳಗೆ ಹತ್ತು ಹದಿನೈದು ಡಿಗ್ರಿ ಕಡಿಮೆಯಿರುವುದುಂಟು. ಒಳಗಿನ ತೇವವು ನೂರಕ್ಕೆ ತೊಂಬತ್ತು. ಸುಮಾರು ೧೦೦ ಕಿಲೋ ತರಕಾರಿ ಹಿಡಿಯುತ್ತದೆ. ಇದರಲ್ಲಿ ಗಜ್ಜರಿ ಆರು ತಿಂಗಳು ಬಾಳದು. ಆದರೆ ಹೊರಗೆ ಎರಡು ಮೂರು ದಿನಕ್ಕೆ ಬಾಡುವ ಕಾಯಿಪಲ್ಯವು ಒಂದು ವಾರವಾದರೂ ಹಸನಾಗಿರುವುದು. ಸಂತೆಗೆ ವಾರಕ್ಕೊಮ್ಮೆ ಹೋಗುವ ಸಣ್ಣ ರೈತನಿಗೆ ಅಷ್ಟೇ ದೊಡ್ಡ ಲಾಭ. ಮುಂಬಯಿ, ಚೆನ್ನೈಗಳ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಅಲ್ಲಿ ಈ ಗೂಡು ಅಷ್ಟಾಗಿ ತಣಿಯುವುದಿಲ್ಲ. ಮಳೆಗಾಲದಲ್ಲಿ ದೆಹಲಿಯಲ್ಲಿಯೂ ಹಾಗೆಯೇ.

ಕರಾವಳಿಯ ನಮ್ಮ ಜನ ಇದನ್ನೆಲ್ಲ ಎಂದೋ ಅರಿತಿದ್ದರೆಂದು ತೋರುತ್ತದೆ. ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಯಾರೂ ನೆಲದಲ್ಲಿ ಹೂಳುತ್ತಿರಲಿಲ್ಲ. ಬಾಳೆಯ ನಾರಿನಿಂದ ಒಂದೊಂದನ್ನೇ ಕಟ್ಟಿ ಮಾಡಿನ ತೊಲೆಗೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗದೆ, ಸುತ್ತಲೂ ಗಾಳಿಯಾಡುತ್ತ, ಬಲಿತ ಕಾಯಿ ಮಳೆಗಾಲದ ಹುಳಿಗೆ ತಿಂಗಳುಗಟ್ಟಲೆ ಒದಗುತ್ತಿತ್ತು. ಹಲಸಿನ ತೊಳೆ ಉಪ್ಪಿನ ಭರಣಿಗೆ ಹೋಗುತ್ತಿತ್ತು. ಮಲೆನಾಡಿನವರು ಬಿತ್ತನೆಯ ಶುಂಠಿಯನ್ನು ಮಾತ್ರ ನೆರಳಿನ ಗುಂಡಿಯಲ್ಲಿ ಇಡುವರು. ಗುಂಡಿಗೆ ಸಗಣಿ ಬಳಿದು, ಒಣಮರಳು ಶುಂಠಿಗಳನ್ನು ಪದರಪದರವಾಗಿ ಹಾಕಿ, ಮೇಲೆ ಗಾಳಿಗೆ ಎಡೆಬಿಟ್ಟು ಹಲಗೆ ಮುಚ್ಚುವರು. ಶುಂಠಿಗೆ ನಮ್ಮ ನೆಲದ ಬೆಚ್ಚನೆಯ ತಂಪು ಸಾಕು, ಗಜ್ಜರಿಗೆ ಸಾಲದು. ಯಾವ ಪದಾರ್ಥ, ಯಾವ ನೆಲ ಎಂಬುದನ್ನು ಅರಿತ ಮೇಲೆಯೇ ಅವರು ಗುದ್ದಲಿಯನ್ನು ಕೈಗೆ ತೆಗೆದುಕೊಂಡರು.

ಆದುದರಿಂದ ಊರಿನಲ್ಲಿ ಹಿತ್ತಿಲುಳ್ಳ ವಾಚಕರಿಗೆ ನಮ್ಮ ಸೂಚನೆ ಇಷ್ಟು. ಉಗ್ರಾಣಕ್ಕೆಂದು ಹಣ ಕೂಡಿಸುವ ಮೊದಲು ಎರಡು ಮೀಟರು ಉದ್ದದ ಒಂದು ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ನೆಲದಲ್ಲಿ ಹೂಳಿರಿ. ಸಣ್ಣ ಸೀಸೆಯಲ್ಲಿ ನೀರು ತುಂಬಿ, ಅದರಲ್ಲಿ ಉಷ್ಣಮಾಪಕವನ್ನಿಟ್ಟು, ದಾರ ಕಟ್ಟಿ ತಳದವರೆಗೆ ಇಳಿಬಿಡಿರಿ. ಬಾಯಿಗೆ ಬಟ್ಟೆ ತುರುಕಿರಿ. ಪ್ರತಿ ತಿಂಗಳ ಮೊದಲ ದಿನ ಮೇ‌ಲೆಳೆದ ಕೂಡಲೆ ನೋಡಿ ಬರೆದಿಡಿರಿ. ಸೀಸೆಯಲ್ಲಿ ನೀರಿರುವುದರಿಂದ ಮೇಲೆ ಬರುವಷ್ಟರಲ್ಲಿ ಲೆಕ್ಕ ಬದಲಾಗದು. ಈ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೆ ವಹಿಸಿದರೆ ಇನ್ನೂ ಚೆಂದ. ಹನ್ನೆರಡು ತಿಂಗಳ ಹನ್ನೆರಡು ಅಂಕೆಗಳು ಕೈಗೆ ಬಂದ ದಿನ, ತೋಡಬೇಕೇ, ಇಟ್ಟಿಗೆಯ ಗೂಡು ಕಟ್ಟಬೇಕೇ, ಅಥವಾ ಬಾಳೆಯ ನಾರು ಹೊಸೆದು ತೊಲೆಗೆ ಕಟ್ಟಬೇಕೇ ಎಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ.